ಜೋಯಿಸರು ಮತ್ತು ಕಾಲಜ್ಞಾನಿಗಳು

ಸವದತ್ತಿ ಸೀಮೆಯ ನಮ್ಮ ಹೂಲಿಯಲ್ಲಿ ಮಳೆ ತಪ್ಪಿದರೂ, ಹೊಳೆ ಉಕ್ಕಿ ಬಂದರೂ ಹಿರಿಯರ ಬಾಯಲ್ಲಿ ಒಂದೇ ಮಾತು: ‘ಕಾಲಜ್ಞಾನದಾಗ ಹಿಂದs ಬರದಿಟ್ಟಾರಪಾ.’ ಆ ಬರಹವನ್ನು ಯಾರೂ ನನಗೆ ತೆರೆದು ತೋರಿಸಲಿಲ್ಲ. ಆದರೆ ಲೋಕ ಕೆಟ್ಟಾಗ ಒಬ್ಬ ಬರುತ್ತಾನೆ, ಅವನ ಹೆಸರು ವೀರ ವಸಂತರಾಯ ಎಂದು ಕಾಲಜ್ಞಾನದ ಪರಂಪರೆ ಹೇಳುತ್ತದೆ. ಬರುವವನು ಯಾರು, ಬಂದಾಗ ಗುರುತು ಹಿಡಿಯುವುದು ಹೇಗೆ ಎಂಬ ಪ್ರಶ್ನೆಯೊಂದಿಗೇ ನಾನು ಬೆಳೆದೆ. ಜನವರಿ 6ರ ಕ್ರೈಸ್ತ ಹಬ್ಬದ ಕುರಿತು ಓದುವಾಗ ಅದೇ ಪ್ರಶ್ನೆ ಮತ್ತೆ ಎದುರಾಯಿತು.

ಆ ಹಬ್ಬದ ಹೆಸರು ಎಪಿಫನಿ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ‘ಪ್ರಕಟವಾಗುವುದು’ ಎಂಬ ಅರ್ಥ. ಪಶ್ಚಿಮದ ಸಭೆಗಳು ಅಂದು ಮತ್ತಾಯನ ಸುವಾರ್ತೆಯ ಕಥೆಯನ್ನು ನೆನೆಯುತ್ತವೆ: ನಕ್ಷತ್ರ ಕಂಡು ಮೂಡಣದಿಂದ ಬಂದವರು ಬೆತ್ಲೆಹೇಮಿನಲ್ಲಿ ಕೂಸಿಗೆ ಅಡ್ಡಬಿದ್ದರು. ಬಂದವರು ಮೂವರೆಂದು ಮತ್ತಾಯ ಬರೆದಿಲ್ಲ. ಕಾಣಿಕೆ ಮೂರು ಇದ್ದದ್ದರಿಂದ ಜನ ಹಾಗೆ ಎಣಿಸಿದರು. ಅವರನ್ನು ಅರಸರನ್ನಾಗಿ ಮಾಡಿದ್ದೂ ನಂತರದ ಕಾಲವೇ. ನಮ್ಮ ಹಳೆಯ ಕನ್ನಡ ಬೈಬಲ್ ಮಾತ್ರ ಅವರನ್ನು ‘ಜೋಯಿಸರು’ ಎಂದು ಕರೆಯಿತು. ಪಂಚಾಂಗ ಬಿಚ್ಚಿ ಗಳಿಗೆ ನೋಡುವ ನಮ್ಮ ಓಣಿಯ ಜೋಯಿಸರೇ ಯೆಹೂದ್ಯರ ದೇಶಕ್ಕೆ ನಡೆದುಹೋದಂತಾಯಿತು. ಅವರು ತಂದದ್ದು ಚಿನ್ನ, ಧೂಪ, ರಕ್ತಬೋಳ. ಎರಡನೆಯ ಶತಮಾನದ ಐರೇನಿಯಸ್ ಈ ಮೂರರಲ್ಲಿ ಯೇಸುವಿನ ಗುರುತನ್ನೇ ಓದಿದ: ಚಿನ್ನ ಅರಸನಿಗೆ, ಧೂಪ ದೇವರಿಗೆ, ಹೆಣಕ್ಕೆ ಹಚ್ಚುವ ಬೋಳ ಸಾಯಲಿರುವ ಮನುಷ್ಯನಿಗೆ.

ಪೂರ್ವದ ಸಭೆಗಳಿಗೆ ಇದು ಮುಖ್ಯವಾಗಿ ಯೊರ್ದಾನ್ ಹೊಳೆಯಲ್ಲಿ ಯೇಸು ದೀಕ್ಷಾಸ್ನಾನ ಪಡೆದ ಹಬ್ಬ. ಆಗ ಆಕಾಶದಿಂದ, ಇವನು ನನ್ನ ಮಗನೆಂಬ ದನಿ ಕೇಳಿತೆಂದು ಸುವಾರ್ತೆಗಳು ಹೇಳುತ್ತವೆ. ತೊಡಕು ಶುರುವಾಗುವುದು ಇಲ್ಲಿಯೇ. ಅವನು ಅಂದು ಮಗನಾದನೋ, ಮೊದಲೇ ಮಗನಾಗಿದ್ದವನು ಅಂದು ಕಾಣಿಸಿದನೋ? ಹೊಳೆಯಲ್ಲಿ ದೇವರು ಅವನನ್ನು ದತ್ತು ತೆಗೆದುಕೊಂಡ ಎಂದವರೂ ಇದ್ದರು. 325ರ ನೈಸೀಯ ಸಮ್ಮೇಳನವು ಮಗನು ಸೃಷ್ಟಿಯಾದವನಲ್ಲ, ತಂದೆಯ ತತ್ವವೇ ಅವನ ತತ್ವ ಎಂದು ಸಾರಿತು. ಅಲ್ಲಿಂದ ಮುಂದೆ ಹಬ್ಬದ ಅರ್ಥ ಗಟ್ಟಿಯಾಯಿತು: ಅವನು ಯಾರೋ ಅದು ಮೊದಲೇ ಇತ್ತು, ಜನರಿಗೆ ತಿಳಿದದ್ದು ಈಗ. ಹೂಲಿಯವನಾದ ನನಗೆ ಇದು ಕಷ್ಟದ ಮಾತಲ್ಲ. ನಮ್ಮೂರಿನ ಪಾಳುಗುಡಿಗಳ ನಡುವೆ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಿವೆ. ವಿದ್ವಾಂಸರು ಬಂದು ಓದಿದ ದಿನ ಆ ಅಕ್ಷರಗಳು ಹುಟ್ಟಲಿಲ್ಲ.

ಆದರೆ ಓದುವವನು ತನಗೆ ಗೊತ್ತಿರುವ ಅಕ್ಷರದಿಂದಲೇ ಓದಬೇಕಲ್ಲ? ಇದಕ್ಕೆ ನಮ್ಮ ಸೀಮೆಯಲ್ಲೇ ಒಂದು ಸಾಕ್ಷಿಯಿದೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಹೆರ್ಮನ್ ಮೊಗ್ಲಿಂಗ್ ಆ ತಂಡದವನೇ. 1840ರ ಆಸುಪಾಸಿನಲ್ಲಿ ‘ಕಾಲಜ್ಞಾನಿ’ಗಳೆಂದು ಕರೆಸಿಕೊಳ್ಳುವ ಪಂಥದವರು ಪಾದ್ರಿಗಳನ್ನು ಹುಡುಕಿಕೊಂಡು ಬಂದರು. ಪಾದ್ರಿಗಳು ಹೇಳುವುದಕ್ಕೂ ತಮ್ಮ ಗ್ರಂಥಗಳ ಭವಿಷ್ಯಕ್ಕೂ ಹೊಂದಿಕೆ ಇದೆ ಎಂಬುದು ಅವರ ಎಣಿಕೆ. ಪಾದ್ರಿಗಳು ಹಿಗ್ಗಿದರು. ಅವರಿಗಾಗಿ 1841ರಲ್ಲಿ ಬೆಟಗೇರಿಯ ಹತ್ತಿರ ಮಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದನ್ನು ಕಟ್ಟಿದರು. ಬರುತ್ತಾರೆಂದುಕೊಂಡ ಜನ ಮಾತ್ರ ಬಂದು ನೆಲೆಸಲಿಲ್ಲ.

ಮಲಪ್ರಭೆ ದಾಟಿ ಗದಗಿನ ಕಡೆ ಹೋದಾಗಲೆಲ್ಲ ನನಗೆ ಆ ನೆಲೆ ನೆನಪಾಗುತ್ತದೆ. ಸೋತದ್ದು ಯಾರು? ಕಾಲಜ್ಞಾನಿಗಳು ಯೇಸುವಿನಲ್ಲಿ ತಮ್ಮ ಹೊತ್ತಿಗೆಯವನನ್ನು ಹುಡುಕಿದರು. ಪಾದ್ರಿಗಳು ಕಾಲಜ್ಞಾನಿಗಳಲ್ಲಿ ಮುಂದಿನ ಸಭೆಯನ್ನು ಕಂಡರು. ಎದುರಿಗಿದ್ದವರನ್ನು ಇದ್ದಂತೆ ನೋಡಲು ಇಬ್ಬರಿಗೂ ಆಗಲಿಲ್ಲವೆಂದು ನನಗೆ ತೋರುತ್ತದೆ.

ಮತ್ತಾಯನ ಜೋಯಿಸರೂ ಮೊದಲು ತಪ್ಪಿದವರೇ. ಅರಸನೆಂದ ಮೇಲೆ ಅರಮನೆಯಲ್ಲೇ ಇರಬೇಕೆಂದು ಯೆರೂಸಲೇಮಿಗೆ, ಹೆರೋದನಿದ್ದಲ್ಲಿಗೆ ಹೋದರು. ಅವರ ಲೆಕ್ಕ ಅಲ್ಲಿಯತನಕ ಮುಟ್ಟಿಸಿತ್ತು. ಊರಿನ ಹೆಸರು ಸಿಕ್ಕಿದ್ದು ಮಾತ್ರ ಬೇರೆಯವರ ಗ್ರಂಥದಲ್ಲಿ, ಪ್ರವಾದಿ ಮೀಕನ ಮಾತಿನಲ್ಲಿ. ಕೊನೆಗೆ ಅವರು ಕಂಡದ್ದು ಒಂದು ಮನೆ, ತಾಯಿ, ಕೂಸು. ಅರಸನೆಂದರೆ ಹೀಗಿರಬೇಕು ಎಂಬ ತಮ್ಮ ಎಣಿಕೆಯನ್ನು ಬಿಟ್ಟುಕೊಟ್ಟು ಅಲ್ಲಿಯೇ ಅಡ್ಡಬಿದ್ದರು.

ಎಪಿಫನಿಯನ್ನು ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಅವರವರ ಪಂಚಾಂಗ, ಅವರವರ ಕಾಲಜ್ಞಾನ ಹಿಡಿದುಕೊಂಡೇ ಜನ ಹೊರಡುತ್ತಾರೆ. ಬೇರೆ ದಾರಿ ಯಾರಿಗೂ ಇಲ್ಲ. ಕ್ರೈಸ್ತರು ಹೇಳುವ ಯೇಸು, ಆ ಹೊತ್ತಿಗೆಯಲ್ಲಿ ಬರೆದದ್ದಕ್ಕಿಂತ ಬೇರೆಯಾಗಿ ಎದುರಾಗುವವನು. ಆಗ ಹೊತ್ತಿಗೆಯನ್ನು ತಿದ್ದಿಕೊಳ್ಳುವುದೋ, ತಿರುಗಿ ಮನೆಗೆ ಹೋಗುವುದೋ ಎಂಬುದೇ ಬಂದವರ ಪಾಲಿಗೆ ಉಳಿಯುವ ಪ್ರಶ್ನೆ.