ಕೈಗಾರಿಕಾ ಯಂತ್ರಗಳ ನಿರ್ವಹಣೆ: ಸಿಮ್ಯುಲೇಷನ್ ಮೂಲಕ ತರಬೇತಿ

ಕಾರ್ಖಾನೆಯ ಯಂತ್ರವನ್ನು ಮುಟ್ಟುವ ಮೊದಲು, ಅದರ ಕಾರ್ಯವಿಧಾನವನ್ನು ಕಂಪ್ಯೂಟರ್ ಪರದೆಯ ಮೇಲೆ ಯಥಾವತ್ತಾಗಿ ಮೂಡಿಸಿ ನಿರ್ವಹಣೆ ಹಾಗೂ ದುರಸ್ತಿಯನ್ನು ಅಭ್ಯಾಸ ಮಾಡಿಸುವ ಕ್ರಮಕ್ಕೆ ಸಿಮ್ಯುಲೇಷನ್ ತರಬೇತಿ ಎಂದು ಹೆಸರು. ಉದಾಹರಣೆಗೆ, ಪಿ.ಎಲ್.ಸಿ. ನಿಯಂತ್ರಣದಲ್ಲಿರುವ ಕನ್ವೇಯರ್‌ನ ಒಂದು ಸೆನ್ಸರ್ ಸಂಕೇತ ನೀಡದಂತೆ ಬೋಧಕರು ಪರದೆಯಲ್ಲಿ ದೋಷವನ್ನು ಅಳವಡಿಸುತ್ತಾರೆ. ದೋಷವು ಸೆನ್ಸರ್‌ನಲ್ಲಿದೆಯೇ, ತಂತಿಯಲ್ಲಿದೆಯೇ ಅಥವಾ ಪ್ರೋಗ್ರಾಂನಲ್ಲಿದೆಯೇ ಎಂಬುದನ್ನು ತರಬೇತಿ ಪಡೆಯುವವನು ಕ್ರಮವಾಗಿ ಪತ್ತೆ ಹಚ್ಚಬೇಕು. ತಪ್ಪಿದಲ್ಲಿ ಯಂತ್ರಕ್ಕಾಗಲಿ, ಕೈಗಾಗಲಿ ಹಾನಿಯಿಲ್ಲ. ಅದೇ ಅಭ್ಯಾಸವನ್ನು ಎಷ್ಟು ಬಾರಿಯಾದರೂ ಪುನರಾವರ್ತಿಸಬಹುದು.

ಆದಾಗ್ಯೂ ಬೇರಿಂಗ್ ಕಾದಿರುವುದು, ಮೋಟಾರಿನ ವೈಂಡಿಂಗ್ ಸುಟ್ಟ ವಾಸನೆ, ನಟ್ಟು ಬಿಗಿಯಾದ ಹದ ಇವು ಪರದೆಯಲ್ಲಿ ತಿಳಿಯತಕ್ಕವಲ್ಲ. ವಿದ್ಯುತ್ ಸಂಪರ್ಕ ಕಡಿತಗೊಳಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಟೆಸ್ಟರ್‌ನಿಂದ ಪರೀಕ್ಷಿಸಿದ ನಂತರವೇ ಕೈ ಹಾಕುವ ಅಭ್ಯಾಸವು ವರ್ಕ್‌ಶಾಪ್‌ನಲ್ಲಿಯೇ ಬರಬೇಕು. ಆದುದರಿಂದ ಯಾವುದೇ ಕೋರ್ಸಿಗೆ ಸೇರುವ ಮುನ್ನ ನೈಜ ಯಂತ್ರದ ಮೇಲಿನ ಅಭ್ಯಾಸದ ಅವಧಿ ಎಷ್ಟೆಂಬುದನ್ನು ಅಭ್ಯರ್ಥಿಗಳು ಕಡ್ಡಾಯವಾಗಿ ವಿಚಾರಿಸತಕ್ಕದ್ದು.

ರಾಜ್ಯದಲ್ಲಿ 150 ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಸಹಯೋಗದೊಂದಿಗೆ ರೂ. 4,600 ಕೋಟಿಗೂ ಅಧಿಕ ವೆಚ್ಚದಲ್ಲಿ ಉನ್ನತೀಕರಿಸಲಾಗಿದ್ದು, 2022ರ ಜೂನ್ 20ರಂದು ಪ್ರಧಾನ ಮಂತ್ರಿಗಳು ಬೆಂಗಳೂರಿನಲ್ಲಿ ಲೋಕಾರ್ಪಣೆಗೊಳಿಸಿದರು. ನಿರ್ವಹಣಾ ಕೆಲಸವನ್ನು ಉದ್ದೇಶಿಸಿರುವವರಿಗೆ 1 ವರ್ಷದ ‘ಮ್ಯಾನುಫ್ಯಾಕ್ಚರಿಂಗ್ ಪ್ರೋಸೆಸ್ ಕಂಟ್ರೋಲ್ ಅಂಡ್ ಆಟೋಮೇಷನ್’ ವೃತ್ತಿಯು ಹೆಚ್ಚು ಹೊಂದುತ್ತದೆ. 2 ವರ್ಷದ ‘ಬೇಸಿಕ್ ಡಿಸೈನರ್ ಅಂಡ್ ವರ್ಚುಯಲ್ ವೆರಿಫೈಯರ್’ ವೃತ್ತಿಯು ಹೆಸರಿನಿಂದ ಅದೇ ವಿಷಯವೆಂದು ತೋರಿದರೂ ಮುಖ್ಯವಾಗಿ ಯಂತ್ರಭಾಗಗಳ ವಿನ್ಯಾಸಕ್ಕೆ ಸಂಬಂಧಿಸಿದೆ. ಈ ವ್ಯತ್ಯಾಸವನ್ನು ಅರ್ಜಿಯಲ್ಲಿ ಆದ್ಯತೆ ನಮೂದಿಸುವ ಮೊದಲೇ ಗಮನಿಸುವುದು ಒಳಿತು. ಎರಡಕ್ಕೂ ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿರಬೇಕು, 14 ವರ್ಷ ತುಂಬಿರಬೇಕು.

ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಯ ನಿವಾಸಿಗಳಿಗೆ ಡೈರಿ ವೃತ್ತದ ಬಳಿಯ ಹೊಸೂರು ರಸ್ತೆಯ ಸರ್ಕಾರಿ ಐ.ಟಿ.ಐ. ಹಾಗೂ ಬನ್ನೇರುಘಟ್ಟ ರಸ್ತೆಯ ಕೌಶಲ್ಯ ಭವನ ಸಮೀಪದಲ್ಲಿವೆ. ಯಾವ ಸಂಸ್ಥೆಯಲ್ಲಿ ಯಾವ ವೃತ್ತಿಯಿದೆ, ಸೀಟು ಲಭ್ಯವಿದೆಯೇ ಎಂಬುದನ್ನು ಅಲ್ಲಿ ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸಬಹುದು. ಮೀಸಲಾತಿ ಕೋರುವವರು ಜಾತಿ, ಆದಾಯ ಪ್ರಮಾಣಪತ್ರಗಳನ್ನು ಮುಂಚಿತವಾಗಿಯೇ ಪಡೆದಿರತಕ್ಕದ್ದು.

ಕೇವಲ ಸಿಮ್ಯುಲೇಟರ್ ಮೇಲೆ ಕೆಲವು ದಿನ ಅಭ್ಯಾಸ ಮಾಡಿಸಿ ಖಾಸಗಿಯಾಗಿ ನೀಡುವ ಪ್ರಮಾಣಪತ್ರವು ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರಕ್ಕೆ ಸಮಾನವಲ್ಲ. ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ಟಿಗೂ ಅದು ಬದಲಿಯಾಗದು. ಶುಲ್ಕ ಪಾವತಿಸುವ ಮುನ್ನ ಪ್ರಮಾಣಪತ್ರ ನೀಡುವ ಪ್ರಾಧಿಕಾರ ಯಾವುದೆಂದು ಲಿಖಿತವಾಗಿ ಕೇಳಿ ಪಡೆಯುವುದು.