ಗಾಜಿನ ಪೆಟ್ಟಿಗೆಯೊಳಗಿನ ಜರೀಗಿಡ

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಪೂರ್ವ ಭಾಗದಲ್ಲಿ ಗಿಡ ಬೆಳೆಸುವುದು ಸುಲಭವಿರಲಿಲ್ಲ. ಹಡಗುಕಟ್ಟೆಗೆ ಹತ್ತಿರದ ವೆಲ್‌ಕ್ಲೋಸ್ ಸ್ಕ್ವೇರಿನಲ್ಲಿದ್ದ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್‌ಗೆ ಗಿಡಗಳ ಹುಚ್ಚು. ಹಿತ್ತಿಲಿನಲ್ಲಿ ಕಲ್ಲು ಜೋಡಿಸಿ, ನೀರು ಹನಿಸಿ, ಜರೀಗಿಡ ಮತ್ತು ಪಾಚಿ ಬೆಳೆಸಲು ಹೆಣಗಿದ. ಕಲ್ಲಿದ್ದಲ ಹೊಗೆಗೆ ಎಲ್ಲವೂ ಕಪ್ಪಾಗಿ ಸತ್ತವು.

1829ರಲ್ಲಿ ಅವನ ಗಮನ ಬೇರೆ ಕಡೆಗಿತ್ತು. ಪತಂಗವೊಂದರ ಕೋಶವನ್ನು ಹಸಿಮಣ್ಣಿನಲ್ಲಿ ಹುದುಗಿಸಿ, ಅಗಲ ಬಾಯಿಯ ಸೀಸೆಯಲ್ಲಿಟ್ಟು ಮುಚ್ಚಳ ಹಾಕಿದ್ದ. ಪತಂಗ ಹೊರಬರುವುದನ್ನು ನೋಡುವ ಆಸೆ. ಕೆಲವು ದಿನಗಳಲ್ಲಿ ಮಣ್ಣಿನಿಂದ ಎರಡು ಮೊಳಕೆ ಎದ್ದವು: ಒಂದು ಹುಲ್ಲು, ಇನ್ನೊಂದು ಜರೀಗಿಡ. ಹಿತ್ತಿಲಿನಲ್ಲಿ ಎಷ್ಟು ಉಪಚಾರ ಮಾಡಿದರೂ ಬದುಕದ ಜಾತಿ, ಯಾರೂ ಕೇಳದೆ ಸೀಸೆಯೊಳಗೆ ಚಿಗುರಿತ್ತು. ವಾರ್ಡ್ ಸೀಸೆಯನ್ನು ಕಿಟಕಿಯ ಹೊರಗಿಟ್ಟ. ಹಗಲಿನ ಬಿಸಿಗೆ ಮಣ್ಣಿನ ನೀರು ಆವಿಯಾಗಿ ಗಾಜಿಗೆ ಅಂಟುತ್ತಿತ್ತು, ತಂಪಾದಾಗ ಹನಿಯಾಗಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ಹೊಗೆ ಒಳಗೆ ಬರುತ್ತಿರಲಿಲ್ಲ, ತೇವ ಹೊರಗೆ ಹೋಗುತ್ತಿರಲಿಲ್ಲ. ಒಂದು ಹನಿ ನೀರು ಹಾಕದೆ ಗಿಡಗಳು ಸುಮಾರು ನಾಲ್ಕು ವರ್ಷ ಬದುಕಿದವು. ಮುಚ್ಚಳ ತುಕ್ಕು ಹಿಡಿದು ಮಳೆನೀರು ನುಗ್ಗಿದಾಗಲೇ ಸತ್ತದ್ದು.

ಸೀಸೆಯಿಂದ ಪೆಟ್ಟಿಗೆಗೆ ಹೆಚ್ಚು ದೂರವಿರಲಿಲ್ಲ. 1833ರಲ್ಲಿ ವಾರ್ಡ್, ಮರದ ಚೌಕಟ್ಟಿಗೆ ಗಾಜು ಕೂರಿಸಿದ ಎರಡು ಪೆಟ್ಟಿಗೆಗಳಲ್ಲಿ ಜರೀಗಿಡ ಮತ್ತು ಹುಲ್ಲುಗಳನ್ನು ತುಂಬಿ ಸಿಡ್ನಿಗೆ ಕಳಿಸಿದ. ತಿಂಗಳುಗಟ್ಟಲೆ ಸಮುದ್ರಯಾನ ಮಾಡಿಯೂ ಗಿಡಗಳು ಹಸಿರಾಗಿಯೇ ಇಳಿದವು. ಅದೇ ಪೆಟ್ಟಿಗೆಗಳು ಆಸ್ಟ್ರೇಲಿಯಾದ ಗಿಡಗಳನ್ನು ಹೊತ್ತು ಲಂಡನ್ನಿಗೆ ಮರಳಿದವು. 1842ರಲ್ಲಿ ಅವನು ಇದನ್ನೆಲ್ಲ ಪುಸ್ತಕವಾಗಿ ಬರೆದ. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ಸುಂಕವನ್ನು ತೆಗೆಯಿತು. ಗಾಜು ಅಗ್ಗವಾದಂತೆ 'ವಾರ್ಡಿಯನ್ ಕೇಸ್' ಮಧ್ಯಮ ವರ್ಗದವರ ದಿವಾನಖಾನೆಗೆ ಬಂತು.

ಆ ಪೆಟ್ಟಿಗೆಗೆ ಜರೀಗಿಡವೇ ಹೇಳಿ ಮಾಡಿಸಿದ್ದು. ಹೂವಿನ ಗಿಡಗಳಿಗೆ ಬೇಕಾದಷ್ಟು ಬಿಸಿಲು ಇದಕ್ಕೆ ಬೇಡ. ಲಂಡನ್ನಿನ ಮಬ್ಬು ಕೋಣೆಯಲ್ಲೂ ಸುರುಳಿ ಬಿಚ್ಚಿ ಎಲೆ ಹರಡುತ್ತದೆ. ಇದಕ್ಕೊಂದು ನಿಗೂಢವೂ ಅಂಟಿತ್ತು. ಹೂವಿಲ್ಲ, ಬೀಜವಿಲ್ಲ, ಆದರೂ ಮರಿಯಾಗುತ್ತದೆ. ಯಾರ ಕಣ್ಣಿಗೂ ಕಾಣದ ಆ ಬೀಜ ಸಿಕ್ಕಿದರೆ ಮನುಷ್ಯನೂ ಕಾಣದಂತಾಗುತ್ತಾನೆ ಎಂಬ ಹಳೆಯ ನಂಬಿಕೆಯನ್ನು ಶೇಕ್ಸ್‌ಪಿಯರನ ನಾಟಕದ ಕಳ್ಳನೊಬ್ಬನೂ ಹೇಳುತ್ತಾನೆ. ಜಮೈಕಾದಲ್ಲಿದ್ದ ಶಸ್ತ್ರವೈದ್ಯ ಜಾನ್ ಲಿಂಡ್ಸೆ, ಎಲೆಯಡಿಯ ಪುಡಿಯನ್ನು ಬಿತ್ತಿ ಜರೀಗಿಡ ಮೊಳೆಯಿಸಿದ ಬಗೆಯನ್ನು 1794ರಲ್ಲಿ ಪ್ರಕಟಿಸಿದ. ಆ ಪುಡಿಯೇ ಬೀಜಾಣು. ಅದರಿಂದ ನೇರವಾಗಿ ಗಿಡ ಬರುವುದಿಲ್ಲ. ಮೊದಲು ಉಗುರಿಗಿಂತ ಚಿಕ್ಕ ಹಸಿರು ಹಾಳೆಯೊಂದು ಹರಡುತ್ತದೆ. ಅದರಲ್ಲಿ ನೀರಿನ ಪಸೆಯಲ್ಲಿ ಗಂಡು-ಹೆಣ್ಣು ಕೋಶಗಳು ಕೂಡಿದ ಮೇಲೆಯೇ ನಾವು ಗುರುತಿಸುವ ಗಿಡ ಹುಟ್ಟುತ್ತದೆ. ಈ ಎರಡು ತಲೆಮಾರಿನ ಬಾಳನ್ನು ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್ 1851ರಲ್ಲಿ ಸ್ಪಷ್ಟವಾಗಿ ವಿವರಿಸಿದ.

1855ರಲ್ಲಿ ಲೇಖಕ ಚಾರ್ಲ್ಸ್ ಕಿಂಗ್ಸ್‌ಲಿ ಈ ಗೀಳಿಗೆ 'ಟೆರಿಡೋಮೇನಿಯಾ' ಎಂದು ಹೆಸರಿಟ್ಟ. ಗ್ರೀಕಿನ 'ಟೆರಿಸ್' ಎಂದರೆ ಜರೀಗಿಡ, ಉಳಿದದ್ದು ಹುಚ್ಚು. ಪಿಂಗಾಣಿ, ಪರದೆ, ಎರಕದ ಕಬ್ಬಿಣದ ಬೆಂಚು, ಗೋರಿಕಲ್ಲುಗಳ ಮೇಲೂ ಜರೀ ಎಲೆಗಳು ಮೂಡಿದವು. ರೈಲು ಬಂದದ್ದರಿಂದ ಪಟ್ಟಣದವರು ಡೆವನ್, ವೇಲ್ಸ್, ಸ್ಕಾಟ್‌ಲ್ಯಾಂಡಿನ ಕಣಿವೆಗಳಿಗೆ ಬುಟ್ಟಿ ಮತ್ತು ಕರಣೆ ಹಿಡಿದು ಹೊರಟರು. ಕಿತ್ತು ತಂದು ಮಾರುವವರೂ ಹುಟ್ಟಿಕೊಂಡರು. ಅಪರೂಪದ ಗಿಡಕ್ಕೆ ಬೆಲೆ ಹೆಚ್ಚು; ಬೆಲೆ ಹೆಚ್ಚಾದಷ್ಟೂ ಗಿಡ ಇನ್ನಷ್ಟು ಅಪರೂಪ. ಗಾಜಿನಷ್ಟು ತೆಳ್ಳನೆಯ ಎಲೆಯ, ಜಲಪಾತಗಳ ಬಳಿ ಬೆಳೆಯುವ ಕಿಲಾರ್ನಿ ಜರೀಗಿಡ ಅದರ ತವರುಗಳಲ್ಲೇ ಬಹುಮಟ್ಟಿಗೆ ಕಣ್ಮರೆಯಾಯಿತು. ಅದನ್ನು ಕಿತ್ತವರು ದ್ವೇಷದಿಂದ ಕೀಳಲಿಲ್ಲ, ಪ್ರೀತಿಯಿಂದಲೇ ಕಿತ್ತರು. ಈ ಚರಿತ್ರೆಯಲ್ಲಿ ಹೆಚ್ಚು ಕಾಡುವ ಸಂಗತಿ ಅದೇ.

ಪೆಟ್ಟಿಗೆಯ ಕತೆ ದಿವಾನಖಾನೆಗೆ ಮುಗಿಯುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಗಾಗಿ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ಇಂಥ ಪೆಟ್ಟಿಗೆಗಳಲ್ಲೇ. ಮಲೇರಿಯಾಕ್ಕೆ ಮದ್ದಾದ ಸಿಂಕೋನಾ 1861ರಲ್ಲಿ ದಕ್ಷಿಣ ಅಮೆರಿಕದಿಂದ ನೀಲಗಿರಿ ತಲುಪಿದ್ದೂ ಹೀಗೆಯೇ. ಹೊಗೆಯಿಂದ ಜರೀಗಿಡ ಉಳಿಸಲು ಹುಟ್ಟಿದ ಗಾಜು, ಸಾಮ್ರಾಜ್ಯದ ತೋಟಗಳನ್ನು ಒಂದು ಖಂಡದಿಂದ ಇನ್ನೊಂದಕ್ಕೆ ಹೊತ್ತಿತು.

ಅದೇ ಕಾಲದಲ್ಲಿ ಪಶ್ಚಿಮ ಘಟ್ಟದ ಜರೀಗಿಡಗಳೂ ಪುಸ್ತಕ ಸೇರಿದವು. ಮದ್ರಾಸ್ ಅರಣ್ಯ ಇಲಾಖೆಯಲ್ಲಿದ್ದ ಸೇನಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮ್ 1860ರ ದಶಕದಲ್ಲಿ ದಕ್ಷಿಣ ಭಾರತದ ಜರೀಗಿಡಗಳನ್ನು ಚಿತ್ರಸಹಿತ ದಾಖಲಿಸಿದ. 1883ರಲ್ಲಿ ಬ್ರಿಟಿಷ್ ಭಾರತದ ಜರೀಗಿಡಗಳ ಕೈಪಿಡಿ ತಂದ. ದಕ್ಷಿಣ ಕನ್ನಡವೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಘಟ್ಟದ ಜನಕ್ಕೆ ಈ ಗಿಡ ಅಲಂಕಾರಕ್ಕಿಂತ ಮೊದಲು ಊಟ. ಮಳೆಗಾಲದಲ್ಲಿ ಕೊಡಗಿನವರು ಎಳೆ ಸುರುಳಿಗಳನ್ನು ಕೊಯ್ದು ಪಲ್ಯ ಮಾಡುತ್ತಾರೆ. ಅದನ್ನು ತೆರ್ಮೆ ತೊಪ್ಪು ಎನ್ನುತ್ತಾರೆ. 'ಜರೀಗಿಡ' ಪಠ್ಯಪುಸ್ತಕದಲ್ಲಿ ಉಳಿದ ಮಾತು. ನರ್ಸರಿಯಲ್ಲಿ ಎಲ್ಲರ ಬಾಯಲ್ಲೂ ಅದು 'ಫರ್ನ್'.

ಇಂದು ಮುಂಬೈ, ಚೆನ್ನೈನ ಬಾಲ್ಕನಿಗಳಲ್ಲಿ ತೂಗುವ ಬಾಸ್ಟನ್ ಫರ್ನ್ ಹುಟ್ಟಿದ್ದು ಹುಚ್ಚು ಇಳಿಯುತ್ತಿದ್ದ ಕಾಲದಲ್ಲಿ. 1894ರಲ್ಲಿ ಫಿಲಡೆಲ್ಫಿಯಾದಿಂದ ಬಾಸ್ಟನ್ ಕಡೆಗೆ ಹೋದ ಗಿಡಗಳ ನಡುವೆ, ನೆಟ್ಟಗೆ ನಿಲ್ಲದೆ ಕಮಾನಿನಂತೆ ಬಾಗುವ ಎಲೆಗಳ ತಳಿಯೊಂದು ಕಾಣಿಸಿತು. ಬಾಗುವ ಎಲೆ ತೂಗುಬುಟ್ಟಿಗೆ ಹೇಳಿ ಮಾಡಿಸಿದ್ದು. ಅದನ್ನು ಕಾಡಿನಿಂದ ಕೀಳಬೇಕಿಲ್ಲ. ಬಳ್ಳಿಯಂತೆ ಹಬ್ಬುವ ಎಳೆಗಳು ಮಣ್ಣು ತಾಗಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತವೆ. ಅದರ ಬೇಡಿಕೆಗಳು ವಾರ್ಡ್‌ನ ಸೀಸೆ ಹೇಳಿದ್ದೇ: ನೇರ ಬಿಸಿಲಿಲ್ಲದ ಬೆಳಕು, ಒಣಗದ ಆದರೆ ನೀರು ನಿಲ್ಲದ ಮಣ್ಣು, ತೇವದ ಗಾಳಿ. ಮುಂಬೈನ ಗಾಳಿ ತೇವವನ್ನು ತಾನೇ ಕೊಡುತ್ತದೆ. ದೆಹಲಿಯ ಮೇ ತಿಂಗಳ ಲೂ ಗಾಳಿಯಲ್ಲಿ ಬುಟ್ಟಿಯನ್ನು ಒಳಗಿಳಿಸಿ, ಬೇರೆ ಕುಂಡಗಳ ನಡುವೆ, ನೀರು ಮತ್ತು ಬೆಣಚುಕಲ್ಲು ತುಂಬಿದ ತಟ್ಟೆಯ ಮೇಲಿಡಬೇಕು. ಎಲೆಯ ತುದಿ ಕಂದಾದರೆ ಗಾಳಿ ಒಣಗಿದೆ ಎಂದರ್ಥ. ಯಾವುದೇ ಜರೀಗಿಡದ ಎಲೆಯಡಿ ಒಂದೇ ಅಳತೆಯ ಕಂದು ಚುಕ್ಕೆಗಳು ಸಾಲಾಗಿ ಕಂಡರೆ ಹುಳವೆಂದು ಉಜ್ಜಿ ತೆಗೆಯಬಾರದು. ಅವು ಲಿಂಡ್ಸೆ ಬಿತ್ತಿದ ಪುಡಿಯ ಚೀಲಗಳು.

ಕಿಲಾರ್ನಿ ಜರೀಗಿಡದ ಕತೆಗೆ ಇನ್ನೊಂದು ಪುಟ ಉಳಿದಿತ್ತು. 1980ರ ದಶಕದ ಕೊನೆಯಲ್ಲಿ ಸಸ್ಯವಿಜ್ಞಾನಿಗಳಿಗೆ ಬ್ರಿಟನ್ನಿನ ಬಂಡೆಗಳ ಕತ್ತಲ ಬಿರುಕುಗಳಲ್ಲಿ ಹಸಿರು ಹತ್ತಿಯಂಥ ಎಳೆಗಳು ಕಂಡವು. ಅದು ಆ ಗಿಡದ ಮೊದಲ ತಲೆಮಾರು. ಎಲೆಯಾಗದೆ, ಬೀಜಾಣು ಬಿಡದೆ, ತನ್ನಷ್ಟಕ್ಕೆ ತಾನೇ ಹಬ್ಬುತ್ತ ಅದು ಹಲವು ಕಡೆ ಉಳಿದುಕೊಂಡಿತ್ತು. ಬುಟ್ಟಿ ಹಿಡಿದು ಬಂದವರಿಗೆ ಬೇಕಾಗಿದ್ದದ್ದು ಚೆಂದದ ಎಲೆ. ಚೆಂದವಿಲ್ಲದ್ದನ್ನು ಯಾರೂ ಕೀಳಲಿಲ್ಲ.