ನಿಧಿಯ ಸಿನಿಮಾಗಳೂ ಬೀದರ್‌ನ ಮಣ್ಣೂ

1957ರಲ್ಲಿ ತೆರೆಕಂಡ ‘ಪರದೇಸಿ’ ಭಾರತ ಮತ್ತು ಸೋವಿಯತ್ ಒಕ್ಕೂಟ ಕೂಡಿ ತೆಗೆದ ಮೊದಲ ಚಿತ್ರ. ಖ್ವಾಜಾ ಅಹ್ಮದ್ ಅಬ್ಬಾಸ್ ಮತ್ತು ವಸಿಲಿ ಪ್ರೋನಿನ್ ಅದರ ನಿರ್ದೇಶಕರು. ಕಥಾನಾಯಕ ಅಫನಾಸಿ ನಿಕಿತಿನ್ ರಷ್ಯದ ತ್ವೇರ್ ಊರಿನ ವ್ಯಾಪಾರಿ. ಸುಮಾರು 1470ರ ಹೊತ್ತಿಗೆ, ಮಾರಲೆಂದು ಒಂದು ಕುದುರೆ ಹಿಡಿದುಕೊಂಡು, ಕಡಲು ದಾಟಿ ಬೀದರ್‌ಗೆ ಬಂದವನು. ಆಗ ಬೀದರ್ ಬಹಮನಿ ಸುಲ್ತಾನರ ರಾಜಧಾನಿ. ಆಡಳಿತದ ಚುಕ್ಕಾಣಿ ವಜೀರ ಮಹಮೂದ್ ಗವಾನನ ಕೈಯಲ್ಲಿತ್ತು. ಚಿತ್ರದಲ್ಲಿ ಗವಾನನ ಪಾತ್ರ ಪೃಥ್ವಿರಾಜ್ ಕಪೂರ್ ಅವರದು. ಸುಲ್ತಾನನ ಅರಮನೆಗೆ ಏಳು ಬಾಗಿಲು, ಪ್ರತಿ ಬಾಗಿಲಲ್ಲೂ ಕಾವಲು, ಒಳಬರುವವರ ಹೆಸರು ಬರೆದುಕೊಳ್ಳುವ ಕರಣಿಕರು ಎಂದೆಲ್ಲ ನಿಕಿತಿನ್ ಬರೆದಿಟ್ಟಿದ್ದಾನೆ. ಅವನು ಊರು ಮುಟ್ಟಲಿಲ್ಲ, ದಾರಿಯಲ್ಲೇ ತೀರಿಕೊಂಡ. ಅವನ ಬರಹ ಮಾತ್ರ ಮಾಸ್ಕೋ ಸೇರಿತು.

ಬೀದರ್ ಸೀಮೆಯವರು ಸಾಹಸಚಿತ್ರಗಳ ಚರಿತ್ರೆಯನ್ನು ಈ ಚಿತ್ರದಿಂದಲೇ ಶುರುಮಾಡಬೇಕು ಎಂಬುದು ನನ್ನ ಹಟ. ದೂರದ ನಾಡಿಗೆ ಹೋದ ನಾಯಕ ಅಲ್ಲಿಂದ ಏನನ್ನು ಹೊತ್ತು ತರುತ್ತಾನೆ? ಈ ಬಗೆಯ ಚಿತ್ರಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ತಿಳಿದಿಲ್ಲ.

ಪಶ್ಚಿಮದ ಚಿತ್ರಗಳಲ್ಲಿ ಉತ್ತರ ಬಹುಪಾಲು ಚಿನ್ನವೇ. ಹಗಾರ್ಡ್‌ನ ‘ಕಿಂಗ್ ಸಾಲೊಮನ್ಸ್ ಮೈನ್ಸ್’ ಕಾದಂಬರಿ 1885ರಲ್ಲಿ ಬಂತು, ಮುಂದೆ ಹಲವು ಸಲ ಸಿನಿಮಾ ಆಯಿತು. 1922ರಲ್ಲಿ ಹೊವಾರ್ಡ್ ಕಾರ್ಟರ್ ಈಜಿಪ್ಟಿನ ದೊರೆ ತೂತನ್‌ಖಾಮನ್ ಸಮಾಧಿಯನ್ನು ಕಂಡುಹಿಡಿದ ಮೇಲೆ ಶಾಪದ ಸುದ್ದಿ ಪತ್ರಿಕೆಗಳ ತುಂಬ ಹಬ್ಬಿತು, 1932ಕ್ಕೆ ‘ದಿ ಮಮ್ಮಿ’ ತೆರೆಗೆ ಬಂತು. 1969ರ ‘ಮೆಕೆನ್ನಾಸ್ ಗೋಲ್ಡ್’ ಭಾರತದಲ್ಲಿ ಭರ್ಜರಿಯಾಗಿ ಓಡಿತು. 1971ರಲ್ಲಿ ತೆಲುಗಿನ ಕೃಷ್ಣ ಟೋಪಿ ಹಾಕಿ, ಕುದುರೆಯೇರಿ, ‘ಮೋಸಗಾಳ್ಳಕು ಮೋಸಗಾಡು’ವಿನಲ್ಲಿ ನಿಧಿಯ ಬೆನ್ನು ಹತ್ತಿದರು. ಸ್ಪೀಲ್‌ಬರ್ಗ್ 1981ರಲ್ಲಿ ಇಂಡಿಯಾನಾ ಜೋನ್ಸ್‌ನನ್ನು ತಂದ ಮೇಲೆ ಪುರಾತತ್ವಜ್ಞನೆಂದರೆ ಚಾಟಿ ಹಿಡಿದವನು ಎಂಬ ಚಿತ್ರ ಲೋಕದ ಮನಸ್ಸಿನಲ್ಲಿ ಗಟ್ಟಿಯಾಯಿತು.

ಆ ಸರಣಿಯ ಎರಡನೇ ಚಿತ್ರ ‘ಟೆಂಪಲ್ ಆಫ್ ಡೂಮ್’ (1984). ಕಥೆ ನಡೆಯುವುದು ಭಾರತದಲ್ಲಿ. ಚಿತ್ರಕಥೆಗೆ ನಮ್ಮ ಸರ್ಕಾರ ಒಪ್ಪದ ಕಾರಣ ಚಿತ್ರೀಕರಣ ಶ್ರೀಲಂಕಾಕ್ಕೆ ಹೋಯಿತು. ನರಬಲಿ ಕೊಡುವ ಠಕ್ಕರ ಮುಖಂಡ ಅಮರೀಶ್ ಪುರಿ. ಈ ಠಕ್ಕರನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಪ್ರಸಿದ್ಧ ಕಾದಂಬರಿ 1839ರದು. ಬರೆದವರು ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್. ಅದೇ ಟೇಲರ್ ಮುಂದೆ ಸುರಪುರದಲ್ಲಿ ಅಧಿಕಾರಿಯಾಗಿದ್ದಾಗ ಜೇವರ್ಗಿಯ ಹತ್ತಿರದ ಕಲ್ಲುವೃತ್ತಗಳ ಗೋರಿಗಳನ್ನು ಅಗೆಸಿದರು. ಮಣ್ಣಿನ ಪದರ, ಎಲುಬು, ಮಡಕೆ ಎಲ್ಲಿ ಹೇಗಿದ್ದವೋ ಹಾಗೇ ನಕ್ಷೆ ಬರೆದರು. ನೂರು ವರ್ಷಗಳ ಮೇಲೆ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಆ ನಕ್ಷೆಗಳನ್ನು ಮೆಚ್ಚಿಕೊಂಡರು. ಒಬ್ಬನೇ ಮನುಷ್ಯ ಠಕ್ಕರ ಕಥೆಯನ್ನೂ ಕೊಟ್ಟ, ತಾಳ್ಮೆಯ ಉತ್ಖನನದ ಮಾದರಿಯನ್ನೂ ಕೊಟ್ಟ. ಸಿನಿಮಾ ಕೈಚಾಚಿದ್ದು ಮೊದಲನೆಯದಕ್ಕೆ. ಈ ನಷ್ಟ ನನ್ನನ್ನು ಇವತ್ತಿಗೂ ಕಾಡುತ್ತದೆ.

ನಮ್ಮ ಸೀಮೆಯಲ್ಲಿ ಕಥೆಗಳಿಗೇನೂ ಬರವಿರಲಿಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಚಿನ್ನದ ಜಾಡು ಹಿಡಿದು ಅಲೆಯುತ್ತ ಮಸ್ಕಿಯ ಬಂಡೆಯಲ್ಲಿ ಅಕ್ಷರ ಕಂಡರು. ಅದುವರೆಗೆ ‘ದೇವಾನಾಂಪ್ರಿಯ’ ಎಂದಷ್ಟೇ ಗೊತ್ತಿದ್ದ ದೊರೆ ಅಶೋಕನೇ ಎಂಬುದಕ್ಕೆ ಶಾಸನದ ಸಾಕ್ಷಿ ಸಿಕ್ಕಿತು. ಹುಡುಕಿದ್ದು ಚಿನ್ನ, ದೊರೆತದ್ದು ಒಬ್ಬ ಚಕ್ರವರ್ತಿಯ ಹೆಸರು. ಇದಕ್ಕಿಂತ ರೋಚಕ ಮಧ್ಯಂತರ ಯಾವ ಚಿತ್ರಕ್ಕೆ ಸಿಕ್ಕೀತು?

ಕನ್ನಡ ಸಿನಿಮಾ ಸಾಹಸಕ್ಕೆ ಕೈಹಾಕಿದ್ದು ಪತ್ತೇದಾರಿಯ ದಾರಿಯಿಂದ. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಬೆನ್ನುಹತ್ತಿದ್ದು ಲೋಹವನ್ನು ಚಿನ್ನ ಮಾಡುವ ಸೂತ್ರವನ್ನು. ಪ್ರಾಚೀನ ನಿಧಿ ಅಲ್ಲಿರಲಿಲ್ಲ. ಜಾಕಿ ಚಾನ್ ‘ದಿ ಮಿಥ್’ (2005) ಚಿತ್ರದಲ್ಲಿ ಪುರಾತತ್ವಜ್ಞನಾಗಿ ಹಂಪಿಗೆ ಬಂದರೂ ಹಂಪಿ ಬರೀ ಬೆನ್ನಹಿಂದಿನ ಪರದೆಯಾಯಿತು. ನಿಜವಾದ ತಿರುವು 2019ರದು. ‘ಅವನೇ ಶ್ರೀಮನ್ನಾರಾಯಣ’ ನಾಟಕ ಕಂಪನಿಯವರು ದೋಚಿದ ಸಂಪತ್ತನ್ನು ರಂಗಸಜ್ಜಿಕೆಯ ವೈಭವದಲ್ಲಿ ಹುಡುಕಿಸಿತು. ಅದೇ ವರ್ಷದ ‘ಕವಲುದಾರಿ’ ನನಗೆ ಇನ್ನೂ ಹತ್ತಿರದ್ದು. ಮೆಟ್ರೊ ಕಾಮಗಾರಿಗೆ ನೆಲ ಅಗೆದಾಗ ಎಲುಬು ಸಿಗುತ್ತವೆ, ದಶಕಗಳ ಹಿಂದೆ ಕಾಣೆಯಾದ ಪುರಾತತ್ವ ಅಧಿಕಾರಿಯ ಸಂಸಾರದ ಕಥೆ ಹೊರಬೀಳುತ್ತದೆ. ಕಳುವಾದ ಒಡವೆಗಿಂತ ಆ ಮನೆಯವರಿಗೆ ಅಂಟಿದ ಕಳಂಕವನ್ನು ನಿರ್ದೇಶಕ ಹೇಮಂತ್ ರಾವ್ ಹೆಚ್ಚು ಹೊತ್ತು ನೋಡುತ್ತಾರೆ. ನಿಧಿಯ ಚಿತ್ರ ದೊಡ್ಡದಾಗುವುದು ಹೀಗೆ.

ಬೀದರ್‌ನಲ್ಲಿ ಪುರಾತತ್ವದ ಕೆಲಸ ಕ್ಯಾಮೆರಾದ ಕಣ್ಣಿಗೆ ಬೀಳದೆಯೇ ನಡೆಯಿತು. 1914ರಲ್ಲಿ ಹೈದರಾಬಾದ್ ಸಂಸ್ಥಾನ ಪುರಾತತ್ವ ಇಲಾಖೆ ತೆರೆದಾಗ ಗುಲಾಂ ಯಜ್ದಾನಿ ಅದರ ಮೊದಲ ನಿರ್ದೇಶಕರಾದರು. ಕೋಟೆಯೊಳಗಿನ ಮಣ್ಣು, ಕಲ್ಲುರಾಶಿ ತೆರವುಮಾಡಿಸಿ, ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕುಸುರಿಯನ್ನೂ ತಖ್ತ್ ಮಹಲಿನ ಬಣ್ಣದ ಹೆಂಚುಗಳನ್ನೂ ಒಂದೊಂದಾಗಿ ದಾಖಲಿಸಿದರು. 1947ರಲ್ಲಿ ಬಂದ ಅವರ ಬೀದರ್ ಗ್ರಂಥಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಈ ಕೋಟೆಯ ಮಣ್ಣನ್ನು ಅಗೆಯುವ ಇನ್ನೊಂದಿಷ್ಟು ಮಂದಿ ಇದ್ದಾರೆ, ಬಿದ್ರಿ ಕುಶಲಕರ್ಮಿಗಳು. ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಕೊರೆದ ಗೆರೆಗೆ ಬೆಳ್ಳಿತಂತಿ ಬಡಿದು ಕೂರಿಸುತ್ತಾರೆ. ಆಮೇಲೆ ಬಿಸಿಲು ಮಳೆ ಕಾಣದ ಹಳೆಯ ಗೋಡೆಯ ಮಣ್ಣು ತಂದು, ನಾಲಿಗೆಗೆ ಮುಟ್ಟಿಸಿ ರುಚಿ ನೋಡಿ, ನವಸಾಗರದೊಡನೆ ಕುದಿಸುತ್ತಾರೆ. ಪಾತ್ರೆ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ಕಸುಬಿಗೇ.

ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಿಗೆ ಹೋದರೆ ಮಾತು ಬೇರೆ. ಹಾಳು ವಾಡೆ ಕಂಡರೆ ಸಾಕು, ಇಲ್ಲಿ ಕೊಪ್ಪರಿಗೆ ಹೊನ್ನು ಅದ ಎನ್ನುವವರಿದ್ದಾರೆ. ಅಂಜನ ಹಾಕಿ ನೋಡುವವರ ಮಾತು ನಂಬಿ ರಾತ್ರಿ ಗುಡಿಯ ಪೀಠ ಕಿತ್ತು, ವೀರಗಲ್ಲು ಉರುಳಿಸುವ ನಿಧಿಗಳ್ಳರ ಹಾವಳಿ ರಾಜ್ಯದ ತುಂಬ ಇದೆ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯ್ದೆ ಇಲ್ಲಿ 1962ರಿಂದಲೇ ಇದೆ. ಆದರೂ ಪೀಠ ಕಿತ್ತ ಗುಡಿಯನ್ನು ಮತ್ತೆ ಓದಲಾಗದು. ಯಾವ ಕಲ್ಲು ಎಲ್ಲಿತ್ತು ಎಂಬ ಸಾಕ್ಷಿಯೇ ಅಳಿದಿರುತ್ತದೆ. ಹಗ್ಗ ಕಟ್ಟಿ ವಿಗ್ರಹ ಎತ್ತಿದವನನ್ನೇ ವೀರನೆಂದು ತೋರಿಸುವ ಚಿತ್ರಗಳ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ನೆಲದೊಳಗೆ ಇಳಿಯುವುದಕ್ಕೆ ಇನ್ನೊಂದು ಬಗೆಯೂ ಇದೆ, ಬೀದರ್‌ನ ನೌಬಾದ್‌ನಲ್ಲಿರುವ ಕರೇಜ್ ನೋಡಿ. ಬಹಮನಿ ಕಾಲದಲ್ಲಿ ಜಂಬಿಟ್ಟಿಗೆ ಕೊರೆದು ಮಾಡಿದ, ಎರಡು ಕಿಲೋಮೀಟರಿಗೂ ಉದ್ದದ ನೀರಿನ ಸುರಂಗ ಅದು. ಮೇಲಿನಿಂದ ಸಾಲು ಬಾವಿಗಳು ಅದಕ್ಕೆ ಗಾಳಿ ಬೆಳಕು ಕೊಡುತ್ತವೆ. ಕಳೆದ ದಶಕದಲ್ಲಿ ಭೂಗೋಳ ತಜ್ಞ ಗೋವಿಂದನ್‌ಕುಟ್ಟಿ ಅದರ ಜಾಡು ಹಿಡಿದರು, ಜಿಲ್ಲಾಡಳಿತ ಹೂಳೆತ್ತಿಸಿತು. ಬಾವಿಯಲ್ಲಿ ಇಳಿದು, ಕತ್ತಲಲ್ಲಿ ಬಾಗಿ ನಡೆದು, ಬುಟ್ಟಿ ಬುಟ್ಟಿ ಕೆಸರು ಮೇಲೆ ಕಳಿಸಿದ ಕೂಲಿಯವರಿಗೆ ಹೊನ್ನು ಸಿಗಲಿಲ್ಲ, ನೀರು ಸಿಕ್ಕಿತು. ಬೀದರ್‌ಗೆ ಬಂದು ನಿಧಿಯ ಚಿತ್ರ ತೆಗೆಯುವವರು ಮೊದಲು ಈ ಬಾವಿಗೆ ಇಳಿಯಲಿ, ಕಥೆಗೆ ನಾಯಕರನ್ನು ಆ ಕೂಲಿಯವರಲ್ಲೇ ಹುಡುಕಲಿ.